ಹೊಸ ಹಲ್ಲು ಹುಟ್ಟುವವರೆಗೆ ಕಾಯಬಹುದಾ?

ನೀವು ಕೇಳಿರುವುದು ಇದು: ವಯಸ್ಸು 34. ಕೆಳಗಿನ ದವಡೆ ಹಲ್ಲೊಂದನ್ನು ಮೂರು ತಿಂಗಳ ಹಿಂದೆ ಕೀಳಿಸಿದ್ದೀರಿ. ಜಪಾನಿನಲ್ಲಿ ಹಲ್ಲು ಮತ್ತೆ ಬೆಳೆಸುವ ಔಷಧಿ 2030ಕ್ಕೆ ಬರುತ್ತದೆ ಅಂತ ಓದಿದ್ದೀರಿ. ಇಂಪ್ಲಾಂಟ್, ಅಂದರೆ ದವಡೆ ಎಲುಬಿಗೆ ಕೂರಿಸುವ ಕೃತಕ ಹಲ್ಲು, ಮಾಡಿಸದೆ ಅಲ್ಲಿಯವರೆಗೆ ಸುಮ್ನೆ ಇರಬಹುದಾ?

ಬೇಡ, ಕಾಯಬೇಡಿ. ನಾನು ದಂತವೈದ್ಯನಲ್ಲ. ಆದರೆ ಇದೇ ಯೋಚನೆ ಮಾಡಿ ಪೆಟ್ಟು ತಿಂದವನು.

2021ರ ಶುರುವಿನಲ್ಲಿ ನನ್ನ ದವಡೆ ಹಲ್ಲೊಂದು ಸೀಳಿ ಹೋಗಿ, ಕೀಳಿಸಬೇಕಾಯಿತು. ಅದೇ ಸಮಯಕ್ಕೆ ಕ್ಯೋಟೋ ವಿಶ್ವವಿದ್ಯಾಲಯದವರು ಇಲಿಗಳಿಗೆ ಹೊಸ ಹಲ್ಲು ಬರಿಸಿದ ಸುದ್ದಿ ಬಂತು. ಇನ್ನೇನು ನಾಲ್ಕೈದು ವರ್ಷ ತಾನೇ ಅಂದುಕೊಂಡೆ. ಮೊದಲ ಕೆಲವು ತಿಂಗಳು ನಾಲಿಗೆ ಹೊತ್ತಿಲ್ಲದ ಹೊತ್ತಲ್ಲಿ ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಆಮೇಲೆ ಮರೆತೇಹೋಯಿತು. ಮೂರು ವರ್ಷ ಬಿಟ್ಟು ಬೇರೆ ಯಾವುದಕ್ಕೋ ಹೋದಾಗ ಡಾಕ್ಟರು ಹಳೇ ಎಕ್ಸ್‌ರೇ ಮತ್ತು ಹೊಸ ಎಕ್ಸ್‌ರೇ ಅಕ್ಕಪಕ್ಕ ಇಟ್ಟು ತೋರಿಸಿದರು. ಹಿಂದಿನ ಹಲ್ಲು, ಬಸ್ಸಿನಲ್ಲಿ ತೂಕಡಿಸಿ ಪಕ್ಕದವರ ಹೆಗಲಿಗೆ ಬೀಳುವವರ ಹಾಗೆ, ಖಾಲಿ ಜಾಗದ ಕಡೆ ವಾಲಿತ್ತು. ಮೇಲಿನ ಹಲ್ಲು ಕಚ್ಚಲು ಏನೂ ಸಿಗದೆ ಕೆಳಗೆ ಇಳಿದಿತ್ತು. ಮಧ್ಯದಲ್ಲಿ ಎಲುಬು ದಂಡೆ ಕುಸಿದ ಹಾಗೆ ತಗ್ಗಾಗಿತ್ತು. ಬೇರಿನಿಂದ ಬರುವ ಒತ್ತಡ ಇದ್ದರೆ ಮಾತ್ರ ಅಲ್ಲಿನ ಎಲುಬು ಗಟ್ಟಿಯಾಗಿ ಉಳಿಯುತ್ತದೆ. ಇಲ್ಲದಿದ್ದರೆ ದೇಹ ಅದನ್ನು ನಿಧಾನಕ್ಕೆ ಕರಗಿಸುತ್ತದೆ. ಕೊನೆಗೆ ಇಂಪ್ಲಾಂಟ್ ಕೂರಿಸುವ ಮುಂಚೆ ಎಲುಬು ತುಂಬಿಸಬೇಕಾಯಿತು. ಮೊದಲೇ ಹೋಗಿದ್ದರೆ ಅದು ಬೇಕಾಗುತ್ತಿರಲಿಲ್ಲವೇನೋ.

ಹಾಗಂತ ಜಪಾನಿನ ಕೆಲಸ ಬೊಗಳೆ ಅಲ್ಲ. ನಿಜಕ್ಕೂ ಚೆಂದದ ವಿಜ್ಞಾನ ಅದು. ನಮ್ಮ ದೇಹದಲ್ಲಿ ಯುಎಸ್‌ಎಜಿ-1 ಅಂತ ಒಂದು ಪ್ರೋಟೀನ್ ಇದೆ. ಹಲ್ಲು ಬೆಳೆಯಲು ಹೇಳುವ ಸಂಕೇತಗಳಿಗೆ ಲಗಾಮು ಹಾಕುವುದು ಅದರ ಕೆಲಸ. ಈ ಪ್ರೋಟೀನ್ ಇಲ್ಲದ ಇಲಿಗಳಿಗೆ ಹೆಚ್ಚುವರಿ ಹಲ್ಲು ಬರುತ್ತವೆ. ಕ್ಯೋಟೋದ ಆ ಸಂಶೋಧನೆ ನಡೆಸಿದ ಕಾಟ್ಸು ತಕಾಹಾಶಿ ಅವರ ತಂಡ ಆ ಪ್ರೋಟೀನನ್ನು ಕಟ್ಟಿಹಾಕುವ ಆಂಟಿಬಾಡಿ ತಯಾರಿಸಿತು. ಹುಟ್ಟಿನಿಂದಲೇ ಹಲ್ಲು ಕಡಿಮೆ ಇದ್ದ ಇಲಿಗಳಿಗೆ ಕೊಟ್ಟಾಗ ಹಲ್ಲು ಬಂತು. ಫೆರೆಟ್ ಅನ್ನುವ, ಮುಂಗುಸಿಯನ್ನು ಹೋಲುವ ಪ್ರಾಣಿಯಲ್ಲೂ ಹೊಸ ಹಲ್ಲು ಮೂಡಿತು. ಫೆರೆಟ್ ಯಾಕೆ ಮುಖ್ಯ ಅಂದರೆ, ಅದಕ್ಕೂ ನಮ್ಮ ಹಾಗೆ ಮೊದಲು ಹಾಲುಹಲ್ಲು, ಆಮೇಲೆ ಶಾಶ್ವತ ಹಲ್ಲು. ಇಲಿಗೆ ಬರುವುದು ಒಂದೇ ಸಲ.

2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಮೊದಲ ಹಂತದ ಪ್ರಯೋಗ ಶುರುವಾಯಿತು. ಕನಿಷ್ಠ ಒಂದು ಹಲ್ಲು ಕಳೆದುಕೊಂಡ, 30ರಿಂದ 64 ವಯಸ್ಸಿನ 30 ಗಂಡಸರು. ‘ನನ್ನ ಥರದವರೇ ಅಲ್ವಾ’ ಅನ್ನಿಸುತ್ತದೆ. ಆದರೆ ಈ ಹಂತದಲ್ಲಿ ನೋಡುವುದು ಔಷಧಿ ಸುರಕ್ಷಿತವೇ ಅನ್ನುವುದನ್ನು. ಇದಾದ ಮೇಲೆ ಕೊಡಬೇಕು ಅಂದುಕೊಂಡಿರುವುದು ಹುಟ್ಟಿನಿಂದಲೇ ಕನಿಷ್ಠ ನಾಲ್ಕು ಹಲ್ಲು ಇಲ್ಲದ, 2ರಿಂದ 7 ವರ್ಷದ ಮಕ್ಕಳಿಗೆ. 2030 ಅನ್ನುವ ಗುರಿ ಕೂಡ ಅಂಥವರಿಗಾಗಿ. ಸುದ್ದಿಯ ತಲೆಬರಹ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ಕೂಸು ಹುಟ್ಟೋ ಮುಂಚೆ ಕುಲಾವಿ.

ಯಾಕೆ ಮಕ್ಕಳು? ಈ ಔಷಧಿ ಏನೂ ಇಲ್ಲದ ಕಡೆ ಹಲ್ಲು ಸೃಷ್ಟಿಸುವುದಿಲ್ಲ. ಅರ್ಧಕ್ಕೆ ನಿಂತ ಹಲ್ಲಿನ ಮೊಗ್ಗು ದವಡೆಯೊಳಗೆ ಇದ್ದರೆ ಅದನ್ನು ಎಬ್ಬಿಸುತ್ತದೆ. ನಿಮ್ಮ ಹಲ್ಲಿನ ಮೊಗ್ಗು ಅರಳಿ, ಹಲ್ಲಾಗಿ, ಇಪ್ಪತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ಹೋಗಿದೆ. ದೊಡ್ಡವರಲ್ಲೂ ಮೂರನೇ ಸಲಕ್ಕೆ ಬೇಕಾದ ಮೊಗ್ಗಿನ ಕುರುಹು ಉಳಿದಿರುತ್ತದೆ ಅಂತ ತಕಾಹಾಶಿ ವಾದಿಸುತ್ತಾರೆ. ಇರಲಿ, ಹಾಗೇ ಅಂದುಕೊಳ್ಳೋಣ. ಆಗಲೂ ಒಂದು ಲೆಕ್ಕ ಬಾಕಿ ಇದೆ. ನಮ್ಮ ಮೊದಲ ಶಾಶ್ವತ ದವಡೆ ಹಲ್ಲು ಗಟ್ಟಿಯಾಗಲು ಶುರುವಾಗುವುದು ನಾವು ಹುಟ್ಟುವ ಹೊತ್ತಿಗೆ. ಅದು ವಸಡು ಸೀಳಿ ಹೊರಬರುವುದು ಆರನೇ ವರ್ಷಕ್ಕೆ. ಬೇರು ಪೂರ್ತಿಯಾಗುವಷ್ಟರಲ್ಲಿ ಒಂಬತ್ತು, ಹತ್ತು. ಇಂಜೆಕ್ಷನ್ ತಗೊಂಡ ಮರುದಿನ ಹಲ್ಲು ಬರುವುದಿಲ್ಲ. ಬಂದರೂ ಅದು ಸರಿಯಾದ ಜಾಗದಲ್ಲಿ, ಸರಿಯಾದ ಆಕಾರದಲ್ಲಿ ಬರಬೇಕು. ಮುಂದಿನ ಹಲ್ಲಿನ ಜಾಗದಲ್ಲಿ ದವಡೆ ಹಲ್ಲು ಎದ್ದರೆ ಏನು ಮಾಡ್ತೀರಿ?

ಇನ್ನೊಂದು ದಾರಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ್ದು. ಪಮೇಲಾ ಯೆಲಿಕ್ ಅವರ ಗುಂಪು ಮನುಷ್ಯರ ಮತ್ತು ಹಂದಿಯ ಹಲ್ಲಿನ ಜೀವಕೋಶಗಳನ್ನು ಸೇರಿಸಿ, ಹಂದಿಯ ದವಡೆಯಲ್ಲೇ ಬೆಳೆಸುತ್ತಿದೆ. ಸಿಕ್ಕಿರುವುದು ಹಲ್ಲಿನಂಥದ್ದು, ಹಲ್ಲಲ್ಲ.

ನನಗೆ ಜಾಸ್ತಿ ಭರವಸೆ ಇರುವುದು ಇಡೀ ಹಲ್ಲಿನ ವಿಷಯದಲ್ಲಲ್ಲ, ಇರುವ ಹಲ್ಲಿನ ಒಳಭಾಗವನ್ನು ಮತ್ತೆ ಬೆಳೆಸುವ ಕೆಲಸದಲ್ಲಿ. ಹಲ್ಲಿನ ಹೊಟ್ಟೆಯೊಳಗೆ ಪಲ್ಪ್ ಅಂತ ಮೆತ್ತನೆಯ ಭಾಗ ಇರುತ್ತದೆ, ರಕ್ತನಾಳ ಮತ್ತು ನರಗಳಿರುವ ಜಾಗ. ಅದರ ಸುತ್ತ ಡೆಂಟಿನ್ ಅನ್ನುವ ಗಟ್ಟಿ ಭಾಗ. ಹಲ್ಲಿಗೆ ಪೆಟ್ಟಾದರೆ ಪಲ್ಪ್ ತಾನೇ ಒಂದಿಷ್ಟು ಡೆಂಟಿನ್ ಕಟ್ಟಿಕೊಳ್ಳುತ್ತದೆ, ಆದರೆ ತೆಳುವಾಗಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಶಾರ್ಪ್ ಅವರ ತಂಡ 2017ರಲ್ಲಿ ಇಲಿ ಹಲ್ಲಿಗೆ ಸಣ್ಣ ತೂತು ಕೊರೆದು, ಕೊಲಾಜನ್ ಸ್ಪಂಜಿನ ಚೂರಿಗೆ ಟೈಡೆಗ್ಲುಸಿಬ್ ಅನ್ನುವ ಔಷಧಿ ಹೀರಿಸಿ ಒಳಗಿಟ್ಟಿತು. ಸ್ಪಂಜು ಕರಗುತ್ತಾ ಹೋಯಿತು, ಆ ಜಾಗದಲ್ಲಿ ಡೆಂಟಿನ್ ತುಂಬಿಕೊಂಡಿತು. ಈ ಔಷಧಿಯನ್ನು ಅದಕ್ಕೂ ಮೊದಲೇ ಅಲ್ಜೈಮರ್ ಕಾಯಿಲೆಗೆ ಅಂತ ಮನುಷ್ಯರಿಗೆ ಕೊಟ್ಟು ನೋಡಿದ್ದರು.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಚೀನಾದ ಪ್ರಯೋಗ, 2018ರಲ್ಲಿ ಪ್ರಕಟವಾದದ್ದು. ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗಿ ಪಲ್ಪ್ ಸತ್ತುಹೋದ ಮಕ್ಕಳು. ಅವರದೇ ಹಾಲುಹಲ್ಲಿನಿಂದ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ) ತೆಗೆದು, ಬೆಳೆಸಿ, ಪೆಟ್ಟಾದ ಹಲ್ಲಿನೊಳಗೆ ಇಟ್ಟರು. ಒಂದು ವರ್ಷದ ಮೇಲೆ ಒಳಗೆ ರಕ್ತ ಓಡುತ್ತಿತ್ತು, ಬೇರು ಉದ್ದವಾಗಿತ್ತು, ಹಲ್ಲಿಗೆ ಸಂವೇದನೆ ವಾಪಸ್ ಬಂದಿತ್ತು. ರೂಟ್ ಕೆನಾಲ್, ಅಂದರೆ ಪಲ್ಪ್ ತೆಗೆದು ಆ ಜಾಗ ತುಂಬಿಸುವ ಚಿಕಿತ್ಸೆ, ಮಾಡಿಸಿದವರಿಗೆ ಇದರ ಬೆಲೆ ಗೊತ್ತು. ರೂಟ್ ಕೆನಾಲ್ ಆದ ಹಲ್ಲು ನಿಂತಿರುತ್ತದೆ, ಅಷ್ಟೇ. ತಣ್ಣೀರು ತಾಗಿದರೂ ಅದಕ್ಕೆ ತಿಳಿಯುವುದಿಲ್ಲ.

ಹಲ್ಲಿನ ಹೊರಕವಚವಾದ ಎನಾಮಲ್ ಮಾತ್ರ ಕಬ್ಬಿಣದ ಕಡಲೆ. ಅದರಲ್ಲಿ ಶೇಕಡಾ 96ರಷ್ಟು ಖನಿಜ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಗೆ ಬರುವಷ್ಟರಲ್ಲಿ ಸತ್ತುಹೋಗಿರುತ್ತವೆ. ಮನೆ ಕಟ್ಟಿ ಮೇಸ್ತ್ರಿ ಊರು ಬಿಟ್ಟ ಮೇಲೆ ಬಿರುಕು ಬಿಟ್ಟರೆ ಯಾರನ್ನು ಕರೆಯುವುದು? 2023ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸ್ಟೆಮ್ ಸೆಲ್‌ನಿಂದ ಆ ಜೀವಕೋಶಗಳನ್ನು ಲ್ಯಾಬಿನಲ್ಲಿ ತಯಾರಿಸಿದರು. ಅವು ಎನಾಮಲ್‌ಗೆ ಬೇಕಾದ ಪ್ರೋಟೀನುಗಳನ್ನು ಸುರಿಸಿದವು. ಹುಳುಕು ತುಂಬುವ ಮಾತು ಆಮೇಲಿನದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಇಂಪ್ಲಾಂಟ್ ಎಲುಬಿಗೆ ನೇರ ಅಂಟಿಕೊಳ್ಳುತ್ತದೆ. ಸ್ವಂತ ಹಲ್ಲು ಹಾಗಲ್ಲ, ಸಣ್ಣ ನಾರುಗಳ ಮೇಲೆ ತೂಗಿದ ಹಾಗೆ ಇರುತ್ತದೆ, ಕಚ್ಚಿದಾಗ ಕೂದಲೆಳೆಯಷ್ಟು ಅಲುಗುತ್ತದೆ. ನನ್ನ ಇಂಪ್ಲಾಂಟಿನಲ್ಲಿ ಗಟ್ಟಿ ವಸ್ತು ಅಗಿದಾಗ ಆ ಮೆತ್ತನೆ ಸಿಗುವುದಿಲ್ಲ, ಟಕ್ ಅನ್ನುತ್ತದೆ. ಆದರೂ ಚೆನ್ನಾಗಿ ಅಗಿಯುತ್ತದೆ. ಇಂಪ್ಲಾಂಟ್ ಈಗಲೇ ಬೇಡ ಅನ್ನಿಸಿದರೆ ಬ್ರಿಜ್ (ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಬಗ್ಗೆ ಕೇಳಿ. ಏನೂ ಇಲ್ಲದಿದ್ದರೆ, ಅಕ್ಕಪಕ್ಕದ ಹಲ್ಲು ವಾಲದ ಹಾಗೆ ಜಾಗ ಹಿಡಿದಿಡುವ ಸಾಧನವನ್ನಾದರೂ ಹಾಕಿಸಿಕೊಳ್ಳಿ.

ಡಾಕ್ಟರ ಹತ್ತಿರ ಇನ್ನೊಂದು ಮಾತು ಕೇಳಿ. ನಿಮಗೆ ವಿಸ್ಡಮ್ ಟೂತ್ ಇದೆಯಾ? ಕೆಲವರಿಗೆ ಅದನ್ನೇ ಹುಷಾರಾಗಿ ಕಿತ್ತು, ಹೋದ ದವಡೆ ಹಲ್ಲಿನ ಜಾಗದಲ್ಲಿ ನೆಡುತ್ತಾರೆ, ಬೇರಿನ ನಾರಿನ ಸಮೇತ. ಬೇರು ಪೂರ್ತಿ ಬೆಳೆಯದ ಹದಿಹರೆಯದವರಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ವಯಸ್ಸಿಗೆ ನೆಟ್ಟರೆ ಆ ಹಲ್ಲಿಗೆ ರೂಟ್ ಕೆನಾಲ್ ಕೂಡ ಮಾಡಬೇಕಾಗುತ್ತದೆ, ಮೂರು ತಿಂಗಳಿಗೆ ಗುಳಿಯೂ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಆಗಲ್ಲ ಅಂತಲೇ ಹೇಳಬಹುದು. ನಾನು ಕೇಳುವಷ್ಟರಲ್ಲಿ ನನ್ನ ವಿಸ್ಡಮ್ ಟೂತ್ ಕಸದ ಬುಟ್ಟಿ ಸೇರಿ ಎರಡು ವರ್ಷವಾಗಿತ್ತು.