ನಾಗರಹೊಳೆ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ದಿನದ ಚಾರಣ ಮಾಡಬಹುದೇ? ಕೊಡಗಿನಲ್ಲಿ ಬೇರೆ ದಾರಿಗಳಿವೆಯೇ?

ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶವೂ ಆಗಿರುವುದರಿಂದ ಅಲ್ಲಿ ಪ್ರವಾಸಿಗರು ಕಾಲ್ನಡಿಗೆಯಲ್ಲಿ ಓಡಾಡುವಂತಿಲ್ಲ. ಸಫಾರಿಯಲ್ಲಷ್ಟೇ ಕಾಡು ನೋಡಬಹುದು. ಬೆಟ್ಟ ಹತ್ತಲೇಬೇಕೆಂದಿದ್ದರೆ ಜಿಲ್ಲೆಯ ಘಟ್ಟದ ಅಂಚಿಗೆ ಹೋಗಬೇಕು.

ಮೊದಲ ಸಲ ಬರುವವರಿಗೆ ತಡಿಯಂಡಮೋಳ್ ಸೂಕ್ತವೆಂದು ನನ್ನ ಅಭಿಪ್ರಾಯ. 1,748 ಮೀಟರ್ ಎತ್ತರದ, ಕೊಡಗಿನಲ್ಲೇ ಅತಿ ಎತ್ತರವಾದ ಈ ಶಿಖರದ ದಾರಿ ಕಕ್ಕಬ್ಬೆ ಸಮೀಪದ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಟು, ಕಾಫಿ ತೋಟಗಳನ್ನೂ ಬಿಸಿಲು ಸುಡುವ ಹುಲ್ಲುಗಾವಲನ್ನೂ ದಾಟಿ, ತುದಿಗೆ ಮುನ್ನ ಶೋಲಾ (ಎತ್ತರದ ಹುಲ್ಲುಗಾವಲುಗಳ ನಡುವಿನ ದಟ್ಟ, ಗಿಡ್ಡ ಮರಗಳ) ಕಾಡಿನೊಳಗೆ ಕಡಿದಾಗಿ ಏರುತ್ತದೆ. ಅಲ್ಲಿ ಬೇರುಗಳನ್ನು ಹಿಡಿದುಕೊಂಡೇ ಕಾಲಿಡಬೇಕಾಗುತ್ತದೆ. ಸೋಮವಾರಪೇಟೆ ಕಡೆಯ ಪುಷ್ಪಗಿರಿ (1,712 ಮೀಟರ್) ಇದಕ್ಕಿಂತ ಕಠಿಣ. ಒದ್ದೆಯಾದರೆ ಜಾರುವ ಹಾಸುಬಂಡೆಗಳು ಇಳಿಯುವಾಗಲೇ ಹೆಚ್ಚು ಕಾಡುವುದರಿಂದ ಮಂಡಿನೋವಿರುವವರು ಅದನ್ನು ಬಿಡುವುದೇ ಲೇಸು. ಇರ್ಪು ಜಲಪಾತದ ಮೇಲಿನ ಬ್ರಹ್ಮಗಿರಿ ಆನೆಗಳು ಓಡಾಡುವ ಅಭಯಾರಣ್ಯ, ಅನುಮತಿಯಿಲ್ಲದೆ ಹೋಗಲಾಗದು.

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಜಿಗಣೆಗಳ ಕಾಟ (ಸಾಕ್ಸಿಗೆ ಉಪ್ಪು ಸವರಿದರೂ ಅಲ್ಪಸ್ವಲ್ಪ ರಕ್ತದಾನ ಖಚಿತ), ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದುಂಟು. ಆದ್ದರಿಂದ ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಮುಂಗಡವಾಗಿ ಕಾಯ್ದಿರಿಸಿಕೊಳ್ಳಿ. ಬೆಳಿಗ್ಗೆ ಏಳಕ್ಕೇ ಹತ್ತಲು ಆರಂಭಿಸಿ; ತುದಿ ಮುಟ್ಟದಿದ್ದರೂ ಮಧ್ಯಾಹ್ನ ಒಂದಕ್ಕೆ ಹಿಂದಿರುಗಿ, ಏಕೆಂದರೆ ಮಂಜು ಕವಿದರೆ ಹುಲ್ಲುಗಾವಲಿನ ಕಾಲುದಾರಿಗಳನ್ನು ಗುರುತಿಸುವುದು ಕಷ್ಟ.