ದಿನಕ್ಕೆ ನಾಲ್ಕು ಸಲ ತೂಕ ನೋಡುತ್ತಿದ್ದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 52, ತೂಕ 102 ಕೆಜಿ. ಹೃದಯದ ಡಾಕ್ಟರು ತೂಕ ಇಳಿಸುವ ಸಲಹೆಗೆ ನನ್ನ ಹತ್ತಿರ ಕಳಿಸಿದ್ದರು. ಕೂತ ಕೂಡಲೇ ಬಲಗೈ ಬೆರಳುಗಳು ಎಡಗೈ ಮಣಿಕಟ್ಟಿನ ಮೇಲೆ ಹೋದವು. ಮಾತಾಡುತ್ತಲೇ ನಾಡಿ ಎಣಿಸುತ್ತಿದ್ದರು. "ಬಿಡ್ರೀ" ಎಂದು ಹೆಂಡತಿ ಮೆಲ್ಲಗೆ ಕೈ ಸರಿಸಿದರು.

ಅವರಿಗಿದ್ದದ್ದು ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ. "ತೂಕ ಇಳಿಸಿ" ಎಂದಿದ್ದನ್ನು ಇವರು ಗದರಿಕೆ ಅಂದುಕೊಂಡರು. ಬರೀ ಪಾನೀಯ ಕುಡಿದು ಎರಡೂವರೆ ತಿಂಗಳಲ್ಲಿ 104ರಿಂದ 91ಕ್ಕೆ ಬಂದರು. ಆರು ತಿಂಗಳಲ್ಲಿ 11 ಕೆಜಿ ವಾಪಸ್. ಎದೆ ಡವಡವವೂ ವಾಪಸ್. "ತಿಂದು ತಿಂದು ನಾನೇ ತಂದ್ಕೊಂಡೆ ಮೇಡಂ" ಎಂದರು.

ಈ ಮಾತು ನನಗೆ ದಿನಾ ಕೇಳುತ್ತದೆ. ತಪ್ಪಿತಸ್ಥ ಭಾವ ತೂಕ ಇಳಿಸಿದ್ದನ್ನು ನಾನಂತೂ ಕಂಡಿಲ್ಲ. ಮೈಭಾರ ಜಾಸ್ತಿಯಾದರೆ ರಕ್ತದೊತ್ತಡ ಏರುತ್ತದೆ, ಮೇಲಿನ ಕೋಣೆ ಹಿಗ್ಗುತ್ತದೆ, ಹೃದಯದ ಸುತ್ತಲೂ ಕೊಬ್ಬು ಕೂರುತ್ತದೆ; ಇವೆಲ್ಲ ಲಯ ಕೆಡಿಸುತ್ತವೆ. ಅದಕ್ಕೇ ಡಾಕ್ಟರು ತೂಕದ ಮಾತೆತ್ತಿದ್ದು, ಬೈಯೋಕಲ್ಲ ಎಂದೆ.

ಆಮೇಲೆ ಒಂದು ವಿಷಯ ಹೊರಬಂತು. 91ಕ್ಕೆ ಇಳಿದಾಗ "ಇನ್ನೇನು ಸರಿಹೋಯ್ತಲ್ಲ" ಎಂದು ಪಾರ್ಶ್ವವಾಯು ತಡೆಯಲು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ಸುಮ್ನೆ ನಿಲ್ಲಿಸಿಬಿಟ್ಟಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಉಳಿದ ಮಾತು ಅಲ್ಲಿಗೇ ಬಿಟ್ಟೆ. ನನ್ನೆದುರೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಆ ಮಾತ್ರೆ ಬೇಕೋ ಬೇಡವೋ ಎನ್ನುವುದು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎನ್ನುವುದರ ಮೇಲೆ ನಿಂತಿದೆ. ತೂಕ ಇಳಿಯಿತು, ಬಡಿತ ನೆಟ್ಟಗಾಯಿತು ಎಂದು ತಾವಾಗಿ ಬಿಡುವಂಥದ್ದಲ್ಲ.

ಎಷ್ಟು ಇಳಿಸಬೇಕು ಎಂದು ಕೇಳಿದರು. 2015ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಸಂಶೋಧಕರು ಇಂಥ 355 ಜನರ ಅಧ್ಯಯನ ಪ್ರಕಟಿಸಿದರು. ಶೇ. 10 ಅಥವಾ ಹೆಚ್ಚು ಇಳಿಸಿದವರಲ್ಲಿ ಲಯ ತುಂಬಾ ಸುಧಾರಿಸಿತ್ತು. ಆದರೆ ತೂಕ ಶೇ. 5ಕ್ಕಿಂತ ಜಾಸ್ತಿ ಏರಿಳಿದವರಲ್ಲಿ ಆ ಲಾಭ ಸ್ವಲ್ಪ ಮಟ್ಟಿಗೆ ಕರಗಿತ್ತು. ಇವರ ಲೆಕ್ಕಕ್ಕೆ ಹತ್ತು ಕೆಜಿ. ಅವಸರ ಬೇಡ, ಇಳಿದದ್ದು ನಿಲ್ಲಬೇಕು ಎಂದೆ.

ದಿನಕ್ಕೆ ನಾಲ್ಕು ಸಲ ಅಲ್ಲ, ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ತೂಕ. ವಾರಕ್ಕೆ ಅರ್ಧ ಕೆಜಿ ಇಳಿದರೂ ಸಾಕು. ಡಾಕ್ಟರ ನಿಗಾ ಇಲ್ಲದೆ ಪಾನೀಯದ ಡಯಟ್ ಬೇಡ; ಪೊಟ್ಯಾಸಿಯಂ ಕುಸಿದರೆ ಅದೇ ಬಡಿತ ಕೆಡಿಸುತ್ತದೆ. ವಾರಾಂತ್ಯದ ಮದ್ಯ ನಿಲ್ಲಬೇಕು. ಇದಕ್ಕೆ ಮುಖ ಸ್ವಲ್ಪ ಸಪ್ಪಗಾಯಿತು. ಡವಡವ ಅನ್ನಿಸಿದಾಗ ಮಾತ್ರ ನಾಡಿ ನೋಡಿ ಬರೆದಿಡುವುದು. ಎದೆನೋವು, ಪ್ರಜ್ಞೆ ತಪ್ಪುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಬರೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆ.

ಏಳುವಾಗ ಹೆಂಡತಿ ಕೇಳಿದರು: "ರಾತ್ರಿ ಗೊರಕೆ ಮಧ್ಯೆ ಉಸಿರು ನಿಂತಂಗಾಗುತ್ತೆ, ಅದೂ ಹೇಳ್ಬೇಕಿತ್ತಾ?" ಹೇಳಲೇಬೇಕಿತ್ತು! ನಿದ್ರೆಯ ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ, ಸಿಕ್ಕಿತು. ಅದೂ ಲಯ ಕೆಡಿಸುವ ಕಾರಣವೇ.

ಐದು ತಿಂಗಳಾದ ಮೇಲೆ 96 ಕೆಜಿ. ಆಪ್ನಿಯಾಗೆ ರಾತ್ರಿ ಹಾಕಿಕೊಳ್ಳುವ ಉಸಿರಾಟದ ಮಾಸ್ಕ್ ಬಗ್ಗೆ ಇನ್ನೂ ಗೊಣಗಾಟ. ಡವಡವ ಎರಡು ಸಲ ಬಂದಿದೆ, ಪುಸ್ತಕದಲ್ಲಿ ತಾರೀಖು ಸಮೇತ ಇದೆ. ಅಬ್ಲೇಷನ್ (ಹೃದಯದಲ್ಲಿ ಲಯ ಕೆಡಿಸುವ ಜಾಗವನ್ನು ಸುಟ್ಟೋ ತಣಿಸಿಯೋ ಸುಮ್ಮನಾಗಿಸುವ ಚಿಕಿತ್ಸೆ) ಬೇಕೇ ಎನ್ನುವ ಮಾತು ಮುಂದಿನ ತಿಂಗಳು ಡಾಕ್ಟರ ಹತ್ತಿರ.