'ಪಾಸ್ ಔಟ್' ಅಂದರೆ ಓದು ಮುಗಿಸುವುದಾ, ಎಚ್ಚರ ತಪ್ಪುವುದಾ?

ರೆಸ್ಯೂಮೆಯಲ್ಲಿ '2022ರಲ್ಲಿ ಪಾಸ್ ಔಟ್ ಆದೆ' ಅಂತ ಬರೆದಿದ್ದಕ್ಕೆ ಪುಣೆಯ ಆಫೀಸಿನಲ್ಲಿ ನಕ್ಕರು, ಅದು ತಪ್ಪು ಇಂಗ್ಲಿಷಾ ಅಂತ ಕೇಳಿದ್ದೀರಿ. ಇದೇ ಪದದಿಂದ ನನ್ನ ಅಮೆರಿಕ ಪ್ರಯಾಣ ತಪ್ಪಿತು.

ನಾನು ಹುಬ್ಬಳ್ಳಿಯವನು. ಪುಣೆ ಹತ್ತಿರದ ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಪೇಂಟ್ ಶಾಪ್ ಟ್ರೈನಿಗಳನ್ನು ನೋಡಿಕೊಳ್ಳುತ್ತಿದ್ದೆ. ಜಾಸ್ತಿ ಜನ ವಿಜಯಪುರ, ಕಲಬುರಗಿ ಕಡೆಯ ಐಟಿಐ ಹುಡುಗರು. ತರಬೇತಿ ಮುಗಿದ ದಿನ ಅಮೆರಿಕದ ಆಫೀಸಿಗೆ ಮೇಲ್ ಹಾಕಿದೆ: ಪೇಂಟ್ ಶಾಪ್ ಹುಡುಗರೆಲ್ಲ ಇವತ್ತು ಪಾಸ್ ಔಟ್ ಆದರು, ಸೋಮವಾರದಿಂದ ಲೈನ್‌ಗೆ ಹಾಕುತ್ತೇನೆ. ಅಲ್ಲಿನ ಸೇಫ್ಟಿ ಅಧಿಕಾರಿಗೆ ಅರ್ಥವಾಗಿದ್ದೇ ಬೇರೆ. ಥಿನ್ನರ್ ಹೊಗೆಗೆ ಹುಡುಗರು ಎಚ್ಚರ ತಪ್ಪಿ ಬಿದ್ದಿದ್ದಾರೆ, ಇವನು ಅವರನ್ನೇ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದಾನೆ! ಪೇಂಟ್ ಬೂತ್ ನಿಲ್ಲಿಸಿ ಅಂತ ಆದೇಶ ಬಂತು. ಎಲ್ಲರಿಗೂ ವೈದ್ಯಕೀಯ ತಪಾಸಣೆ. ಈ ಗಲಾಟೆಯಲ್ಲಿ ನನ್ನ ಪ್ರಯಾಣ ತಪ್ಪಿತು, ಆ ಹುಡುಗರು ಕೆಲಸಕ್ಕೆ ಕನ್ಫರ್ಮ್ ಆಗೋದೂ ತಡವಾಯಿತು. ಅದು ಇವತ್ತಿಗೂ ನನಗೆ ನೋವು.

ತಪ್ಪು ಆ ಪದದಲ್ಲಿ ಇರಲಿಲ್ಲ. ಯಾವುದರಿಂದ ಪಾಸ್ ಔಟ್ ಅಂತ ನಾನು ಬರೆಯಲಿಲ್ಲ, ಅಷ್ಟೇ. ಇಡೀ ಮೇಲ್‌ನಲ್ಲಿ ತರಬೇತಿ ಅನ್ನುವ ಸುಳಿವೇ ಇಲ್ಲ. ಸಬ್ಜೆಕ್ಟ್ ಸಾಲಿನಲ್ಲೂ ಬರೀ 'ಪೇಂಟ್ ಶಾಪ್' ಅಂತಿತ್ತು. ಹುಡುಗರು ಅಂದೆ, ಟ್ರೈನಿಗಳು ಅನ್ನಲಿಲ್ಲ. ನಮ್ಮಲ್ಲಿ ಅಷ್ಟು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅದೇ ರೂಢಿಯಲ್ಲಿ ಬರೆದೆ. ಆದರೆ ಹೊಗೆ ಇರುವ ಜಾಗದ ಹೆಸರಿನ ಪಕ್ಕ ಆ ಪದ ಕೂತರೆ ಅಮೆರಿಕದವರಿಗೆ ಮೂರ್ಛೆ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. 'ಟ್ರೈನಿಂಗ್‌ನಿಂದ' ಅಂತ ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಹಾಗಂತ ನಿಮ್ಮ ಆಫೀಸಿನವರ ಮಾತು ಒಪ್ಪಬೇಡಿ. ನೀವಿರುವ ಊರಿನ ಪಕ್ಕದಲ್ಲೇ, ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ (ಸೇನಾ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಅಕಾಡೆಮಿ), ವರ್ಷಕ್ಕೆ 2 ಸಲ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. 3 ವರ್ಷದ ತರಬೇತಿ ಮುಗಿಸಿದ ಕೆಡೆಟ್‌ಗಳು ಕೊನೆಗೆ 'ಅಂತಿಮ್ ಪಗ್', ಅಂದರೆ ಕೊನೆಯ ಹೆಜ್ಜೆ ಇಟ್ಟು ಹೊರಗೆ ಬರುತ್ತಾರೆ. 'ಪಾಸ್ ಔಟ್' ಬ್ರಿಟಿಷ್ ಸೇನೆಯ ಮಾತು. ಅವರ ನಿಘಂಟುಗಳಲ್ಲಿ ಈಗಲೂ ಇದೆ. ನಾವು ಅದನ್ನು ಕಾಲೇಜಿಗೂ ಬಳಸುತ್ತೇವೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎಚ್ಚರ ತಪ್ಪುವ ಅರ್ಥ ಅಮೆರಿಕದಲ್ಲಿ 20ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂತು. 'ಪಾಸ್'ನ ಮೂಲ ಲ್ಯಾಟಿನ್‌ನ 'ಪಾಸುಸ್', ಹೆಜ್ಜೆ ಅಂತ ಅರ್ಥ. ಇದರ ಬದಲು ಸರಿ ಅನ್ನಿಸಿಕೊಳ್ಳುವ 'ಗ್ರಾಜುಯೇಟ್'ನ ಮೂಲ 'ಗ್ರಾದುಸ್' ಕೂಡ ಹೆಜ್ಜೆಯೇ.

ಹಾಗಾಗಿ ಯಾವುದು ನಿಜವಾದ ಅರ್ಥ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಯಾರು ಓದುತ್ತಾರೆ ಅಂತ ನೋಡಿ. ರೆಸ್ಯೂಮೆಯಲ್ಲಿ ಡಿಗ್ರಿ, ಕಾಲೇಜು, ವರ್ಷ ಇದ್ದರೆ ಸಾಕು, ಕ್ರಿಯಾಪದವೇ ಬೇಡ. ಹೊರದೇಶದವರಿಗೆ ಬರೆಯುವಾಗ ಓದಿಗೆ 'ಗ್ರಾಜುಯೇಟೆಡ್', ತರಬೇತಿಗೆ 'ಕಂಪ್ಲೀಟೆಡ್' ಅನ್ನಿ. '2022 ಪಾಸ್‌ಔಟ್' ಅಂತ ನಾಮಪದವಾಗಿ ಬರೆಯೋದು ಮಾತ್ರ ನಮ್ಮ ಕಡೆಯ ದೇಶಗಳ ಹೊರಗೆ ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ, ಅದನ್ನು ಇವತ್ತೇ ತೆಗೆದುಹಾಕಿ.